ಹನ್ನೆರಡನೆಯ ಕಾಲು

ಪವಿತ್ರ ಗುರುವಾರದ ಸಂಜೆ ಪೂಜೆಯ ನಡುವೆ ಪಾದ್ರಿಗಳು ಹನ್ನೆರಡು ಮಂದಿಯ ಕಾಲು ತೊಳೆಯಬೇಕು, ಯೇಸು ತನ್ನ ಶಿಷ್ಯರಿಗೆ ಮಾಡಿದ ಹಾಗೆ. ಆ ದಿನ ಬೆಳಗ್ಗೆ, ಚರ್ಚಿನ ಏರ್ಪಾಟು ನೋಡಿಕೊಳ್ಳುವ ಪಾಸ್ಕಲ್ ಬಂದು ಬಾಗಿಲಲ್ಲೇ ನಿಂತ.

"ಫಾದರ್, ಒಬ್ಬರು ಜ್ವರ ಬಂದು ಮಲಗಿದ್ದಾರೆ. ಅವರ ಬದಲಿಗೆ ಆ ಬಸ್ ಡ್ರೈವರ್‌ನನ್ನು ಕೂರಿಸುವುದಾ? ಬೇರೆ ಯಾರೂ ಸಿಗ್ಲಿಲ್ಲ. ನೀವು ಬೇಡ ಅಂದ್ರೆ ಬೇಡ."

ಫಾದರ್ "ಆಮೇಲೆ ಹೇಳ್ತೇನೆ" ಎಂದು ಚರ್ಚಿನೊಳಗೆ ಹೋಗಿ ಮೊಣಕಾಲೂರಿದರು. ಊಟಕ್ಕೂ ಏಳಲಿಲ್ಲ. ಸಂಜೆ ಹೊರಗೆ ಬಂದು "ಕೂರ್ಲಿ" ಎಂದಷ್ಟೇ ಹೇಳಿದರು.

ಹನ್ನೊಂದು ಮಂದಿ ವಾಡಿಕೆಯಂತೆ ಬಲಗಾಲು ಚಾಚಿದರು. ಎಲ್ಲವೂ ಮನೆಯಲ್ಲೇ ಸೋಪು ಹಾಕಿ ಉಜ್ಜಿಕೊಂಡು ಬಂದ ಕಾಲುಗಳು. ಫಾದರ್ ನೀರು ಹೊಯ್ದರು, ಒರೆಸಿದರು, ಮುತ್ತಿಟ್ಟರು. ನೀರು ತಣ್ಣಗಿತ್ತೋ ಬಿಸಿಯಿತ್ತೋ, ಅವರ ಕೈಗೆ ತಿಳಿಯಲಿಲ್ಲ.

ಹನ್ನೆರಡನೆಯವನು ಎಡಗಾಲು ಚಾಚಿ ಕೂತಿದ್ದ. ಬಲಗಾಲನ್ನು ಶೂ ಸಮೇತ ಕುರ್ಚಿಯ ಅಡಿಗೆ ಎಳೆದುಕೊಂಡಿದ್ದ.

"ಬಲಗಾಲು" ಎಂದರು ಫಾದರ್, ತಲೆಯೆತ್ತದೆ.

"ಅದು ಬೇಡ ಫಾದರ್." ಅವನ ದನಿ ಪಕ್ಕದವರಿಗೂ ಕೇಳುವಂತಿರಲಿಲ್ಲ. "ನಿಮ್ಮ ತಂಗಿ ರಸ್ತೆ ದಾಟುವಾಗ ಬ್ರೇಕಿಗೆ ಹೋಗದೆ ಇದ್ದದ್ದು ಅದೇ ಕಾಲು."

ಫಾದರ್ ಕುರ್ಚಿಯ ಅಡಿಗೆ ಕೈಹಾಕಿ ಶೂವಿನ ಲೇಸು ಬಿಚ್ಚತೊಡಗಿದರು.

"ಬೆಳಗ್ಗೆಯಿಂದ ನಾನು ದೇವರ ಹತ್ರ ಜಗಳ ಮಾಡಿ ಸೋತದ್ದು ಈ ಕಾಲಿನ ವಿಷಯಕ್ಕೇ. ಕೊಡಿ."