ಬಾಟಲಿಗೆ ಸಿಗದ ನೀರು

“ನಾಳೆ ಬೆಳಿಗ್ಗೆ ಬರ್ತೀವಿ. ರೆಡಿ ಇಟ್ಟಿರಿ.”

ಐಸಪ್ಪ ಫೋನಿಗೆ ಕೈ ಅಡ್ಡ ಹಿಡಿದು ಇಷ್ಟು ಹೇಳಿದ್ದು, ಬಾಗಿಲ ಹಿಂದೆ ನಿಂತಿದ್ದ ಮೇಡಂ ಕಿವಿಗೆ ಬಿತ್ತು. ನೀರು ಪರೀಕ್ಷಿಸುವ ಲ್ಯಾಬಿಗೆ ಅವರೇ ಮುಖ್ಯಸ್ಥೆ. ಊರಿನ ನಲ್ಲಿಗಳಿಂದ ಮಾದರಿ ತುಂಬಿಸಿ, ಐಸಿನ ಪೆಟ್ಟಿಗೆಯಲ್ಲಿಟ್ಟು ತರುವುದು ಐಸಪ್ಪನ ಕೆಲಸ. ಪೆಟ್ಟಿಗೆ ಹೊತ್ತೂ ಹೊತ್ತೂ ಹೆಸರೇ ಅದಾಗಿತ್ತು. ಯಾರಿಗೆ ಫೋನು ಎಂದು ಕೇಳಿದರೆ ಐಸ್ ಅಂಗಡಿಗೆ ಎಂದ. ಮೇಡಂ ತಲೆಯಾಡಿಸಿದರು. ನಂಬಲಿಲ್ಲ.

ನಂಬುವುದಾದರೂ ಹೇಗೆ? ಗುಡ್ಡದ ಬಡಾವಣೆಯಲ್ಲಿ ಮಕ್ಕಳು ಒಬ್ಬರ ಹಿಂದೊಬ್ಬರು ಕಾಯಿಲೆ ಬಿದ್ದು ಮಲಗುತ್ತಿದ್ದರು. ಅಲ್ಲೇ ವಾಸವಿದ್ದ ಮೇಡಂ ಅವರ ಅಮ್ಮ ಫೋನಿನಲ್ಲಿ ಅದೇ ಗೋಳು ಹೇಳುತ್ತಿದ್ದರು. ಪಕ್ಕದ ಮನೆಯ ಪುಟ್ಟಿಗಂತೂ ಎದ್ದು ಕೂರುವ ತ್ರಾಣವೂ ಇಲ್ಲವಂತೆ. ಒಂದೇ ಒಂದು ಕೆಟ್ಟ ವರದಿ ಕೈಗೆ ಸಿಕ್ಕರೆ ಸಾಕು, ಹಳೆಯ ಕೊಳವೆ ಕಿತ್ತು ಹೊಸದು ಹಾಕಿಸಬಹುದು. ಆದರೆ ಐಸಪ್ಪ ತಂದ ನೀರು ಪ್ರತಿ ಸಲವೂ ಪರಿಶುದ್ಧ!

ಮರುದಿನ ಮೇಡಂ ಎಂದಿನಂತೆ ವ್ಯಾನಿನಲ್ಲಿ ಜೊತೆಗೆ ಹೊರಟರು. ಯಾವಾಗಲೂ ನೆಟ್ಟಗೆ ಅಮ್ಮನ ಮನೆಗೆ ಊಟಕ್ಕೆ ಹೋಗುವವರು, ಈ ಸಲ ನಲ್ಲಿಯ ಹತ್ತಿರವೇ ಇಳಿದು ಐಸಪ್ಪನ ಕೈಯನ್ನೇ ನೋಡುತ್ತ ನಿಂತರು. ಅವನು ಸೋಂಕು ಕಳೆಯಲು ನಲ್ಲಿಯ ಬಾಯಿಗೆ ಬೆಂಕಿ ತೋರಿಸಿದ. ನೀರು ಹರಿಯಬಿಟ್ಟ. ಬಾಟಲಿಯ ಬಾಯಿಗೆ ಬೆರಳು ತಾಗದಂತೆ ತುಂಬಿಸಿ, ಮೇಲೆ ಚೂರು ಖಾಲಿ ಬಿಟ್ಟು, ಮುಚ್ಚಳ ಬಿಗಿದು ಐಸಿನೊಳಗೆ ಹೂತ. ಕೊಂಕು ತೆಗೆಯಲು ಜಾಗವೇ ಇಲ್ಲ. ಆದರೆ ನೀರಿಗೆ ಬ್ಲೀಚಿಂಗ್ ಪೌಡರಿನ ಘಾಟು. ಯಾರೋ ಮೊದಲೇ ಸುದ್ದಿ ಮುಟ್ಟಿಸಿದ್ದಾರೆ, ಮೇಲಿನ ಟ್ಯಾಂಕಿಗೆ ಈ ದಿನದ ಮಟ್ಟಿಗೆ ಪುಡಿ ಸುರಿದಿದ್ದಾರೆ.

“ವಾಸನೆ ಬರ್ತಿದೆ ಅಲ್ವಾ?” ಎಂದರು ಮೇಡಂ.

“ನಾವು ಬಂದ ದಿನ ಯಾವಾಗ್ಲೂ ಬರುತ್ತೆ, ಮೇಡಂ.”

ಇವನ ಎದೆಗಾರಿಕೆಯೇ ಎಂದುಕೊಂಡು ಮೇಡಂ ಹಲ್ಲು ಕಚ್ಚಿದರು. ಆಮೇಲೆ ಅಮ್ಮನ ಮನೆಯಲ್ಲಿ ಅವಸರದಲ್ಲಿ ಉಂಡು ಎದ್ದರು.

ಸ್ವಲ್ಪ ದಿನ ಬಿಟ್ಟು ಮೇಡಂ ಯಾಕೆಂದು ಯಾರಿಗೂ ಹೇಳದೆ ರಜೆ ಹಾಕಿದರು. ಬಸ್ಸು ಹತ್ತಿ ಹೋಗಿ, ಅದೇ ನಲ್ಲಿಯಿಂದ ತಾವೇ ನೀರು ತುಂಬಿಸಿಕೊಂಡು, ಅಮ್ಮನ ಮನೆಯ ಕಡೆ ತಿರುಗಿಯೂ ನೋಡದೆ ವಾಪಸಾದರು. ಪರೀಕ್ಷೆಯಲ್ಲಿ ರೋಗಾಣು ಗಿಜಿಗಿಜಿ. ಸಾಕ್ಷಿಯಿಲ್ಲದೆ ತಂದ ನೀರು ಎಂದು ಮೇಲಿನವರು ಆ ವರದಿಯನ್ನು ಒಪ್ಪಲಿಲ್ಲ. ಐಸಪ್ಪನನ್ನು ಮನೆಗೆ ಕಳಿಸಲು ಮಾತ್ರ ಅದು ಧಾರಾಳ ಸಾಕಾಯಿತು.

ಅವನು ಕೂಗಾಡಲಿಲ್ಲ. ಉಂಡ ಮನೆಗೆ ದ್ರೋಹ ಮಾಡಿದವನಲ್ಲ ಎಂದಷ್ಟೇ ಹೇಳಿ, ಕಣ್ಣೊರೆಸಿಕೊಂಡು, ಪೆಟ್ಟಿಗೆಯನ್ನು ತೊಳೆದು ಒಣಗಲು ಬೋರಲು ಹಾಕಿ ಹೋದ. ಮೇಡಂಗೆ ಒಂದು ಗಳಿಗೆ ಕರುಳು ಚುರುಕ್ ಎಂದಿತು. ಪುಟ್ಟಿಯನ್ನು ನೆನೆದು ಮನಸ್ಸು ಗಟ್ಟಿ ಮಾಡಿಕೊಂಡರು.

ಮುಂದಿನ ಸಲ ಲ್ಯಾಬಿನಲ್ಲಿ ಒಂದು ನರಪಿಳ್ಳೆಗೂ ಸುಳಿವು ಕೊಡಲಿಲ್ಲ. ಊಟಕ್ಕೆ ಬರುತ್ತೇನೆ ಎಂದು ಅಮ್ಮನಿಗೆ ಫೋನು ಮಾಡಿ ಮಲಗಿದರು. ಬೆಳಿಗ್ಗೆ ಡ್ರೈವರಿನ ಫೋನು ಇಸಿದುಕೊಂಡು, ಅರ್ಧ ದಾರಿಗೆ ಬಂದ ಮೇಲಷ್ಟೇ ಗುಡ್ಡದ ಬಡಾವಣೆಯ ಕಡೆ ತಿರುಗಿಸು ಎಂದರು. ಸಾಕ್ಷಿಗೆ ಇಬ್ಬರನ್ನು ನಿಲ್ಲಿಸಿ ನಲ್ಲಿ ತಿರುಗಿಸಿದರು.

ಬ್ಲೀಚಿಂಗ್ ಪೌಡರಿನ ಘಾಟು ಮೂಗಿಗೆ ರಪ್ಪನೆ ಬಡಿಯಿತು.

ಹಾಗಾದರೆ ಸುದ್ದಿ ಕೊಟ್ಟವರು ಯಾರು? ಐಸಪ್ಪ ಈಗ ಲ್ಯಾಬಿನ ಮೆಟ್ಟಿಲನ್ನೇ ತುಳಿಯುವಂತಿಲ್ಲ. ಡ್ರೈವರಿನ ಫೋನು ಮೇಡಂ ಕೈಚೀಲದಲ್ಲೇ ಇತ್ತು. ಹೊಸ ಹುಳ ತಲೆ ಹೊಕ್ಕಿತು. ಸಾಕ್ಷಿಗಳ ಮುಖವನ್ನೂ ಒಮ್ಮೆ ಅನುಮಾನದಿಂದ ನೋಡಿದರು. ಕಾಲೆಳೆದುಕೊಂಡು ಅಮ್ಮನ ಮನೆ ಸೇರಿ ದೊಪ್ಪನೆ ಕುರ್ಚಿಯಲ್ಲಿ ಕುಸಿದರು. ಬಾಯಿ ಒಣಗಿತ್ತು. ಅಮ್ಮ ನಲ್ಲಿಯಿಂದಲೇ ಲೋಟ ತುಂಬಿಸಿ ತಂದರು. ಮೇಡಂ ಅದನ್ನು ಮುಟ್ಟಲು ಹಿಂಜರಿದದ್ದು ನೋಡಿ ಪಕ್ಕದಲ್ಲೇ ಕುಳಿತು ಬೆನ್ನು ಸವರಿದರು.

“ಧೈರ್ಯವಾಗಿ ಕುಡಿ ಮಗಳೇ, ನೀನು ಊಟಕ್ಕೆ ಬರ್ತೀನಿ ಅಂದಾಗೆಲ್ಲ ಪಂಪಿನವನಿಗೆ ಹೇಳಿ ಟ್ಯಾಂಕಿಗೆ ಔಷಧಿ ಹಾಕಿಸ್ತೀನಿ, ಬೇರೆ ದಿನ ಎಷ್ಟು ಗೋಗರೆದ್ರೂ ಅಲ್ಲಾಡಲ್ಲ ಆ ಸೋಮಾರಿ, ಲ್ಯಾಬಿನ ನನ್ನ ಮಗಳು ಬರ್ತಾಳೆ ಅಂದ್ರೆ ಮಾತ್ರ ಎದ್ದು ಓಡ್ತಾನೆ.”