ಜಾಣಕಿವುಡು

ಕಿವಿ ಪರೀಕ್ಷೆ ಮಾಡುವಾಕೆ ರಟ್ಟಿನ ತುಂಡೊಂದನ್ನು ತನ್ನ ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದಳು. ಎದುರು ಕುಳಿತಿದ್ದ ಮುದಿ ನೇಕಾರ ರಟ್ಟನ್ನೇ ನೋಡಿದ. ಆಮೇಲೆ ಗೋಡೆಯ ಬದಿಗೆ ಕುಳಿತಿದ್ದ ಮಗಳ ಕಡೆ ನೋಡಿದ.

"ನಾನು ಹೇಳಿದ್ದನ್ನೇ ತಿರುಗಿ ಹೇಳಿ, ಯಜಮಾನ್ರೇ," ಎಂದು ಆಕೆ ರಟ್ಟು ಇಳಿಸಿ ಹೇಳಿ, ಮತ್ತೆ ಅಡ್ಡ ಹಿಡಿದಳು.

"ಅತ್ತೆ," ಎಂದ ನೇಕಾರ.

ಆಕೆ ಹೇಳಿದ್ದು ಕತ್ತೆ. ನಲವತ್ತು ದಿನದಿಂದ ನಗದಿದ್ದ ಮಗಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಂದಿನ ಮಾತು ಚಾಕು. ಅವನು ಸಾಕು ಎಂದ. ಅದು ಉತ್ತರವೋ ಬೇಸರವೋ ಯಾರಿಗೂ ತಿಳಿಯಲಿಲ್ಲ. ಅವನ ಮೊಣಕಾಲು ಬಂದಾಗಿನಿಂದ ಕುಣಿಯುತ್ತಲೇ ಇತ್ತು. ಎರಡು ಸಲ ಎದ್ದು ಚಪ್ಪಲಿ ಹುಡುಕಿದ್ದ, ಎರಡು ಸಲವೂ ಮಗಳು ತೋಳು ಹಿಡಿದು ಕೂರಿಸಿದ್ದಳು.

ಇಲ್ಲಿಗೆ ಅವನನ್ನು ಕರೆತಂದದ್ದೇ ಒಂದು ಸವಾಲು. ತಾಯಿ ಹೋದಂದಿನಿಂದ ಮಗಳು ಕೇಳುತ್ತಿದ್ದದ್ದು ಒಂದೇ ಮಾತು: ಕೊನೆಗೆ ಅಮ್ಮ ನಿನ್ನನ್ನು ಹತ್ತಿರ ಕರೆದು ಏನು ಹೇಳಿದಳು? ಅವಳು ಹಾಗೆ ಕೇಳಿದಾಗಲೆಲ್ಲ ಅವನು ಒಲೆಯ ಮೇಲೆ ಹಾಲಿದೆ ಎನ್ನುವನು, ನಲ್ಲಿ ಸೋರುತ್ತಿದೆ ಎನ್ನುವನು. ಇದು ಜಾಣಕಿವುಡು, ನಿಜವಾಗಿ ಕಿವಿ ಕೇಳುವುದಿಲ್ಲವಾದರೆ ತೋರಿಸೋಣ ನಡೆ ಎಂದು ಮಗಳು ಹೊರಡಿಸಿದ್ದಳು. ಹೇಳಲು ಅವನಿಗಾದರೂ ಏನು ಗೊತ್ತಿತ್ತು? ಹೆಂಡತಿಯ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಕಟ್ಟಿದ್ದರು, ಒಳಗೆಲ್ಲ ಉಸಿರಿನ ಮಂಜು. ಅವಳು ಅವನ ಕೈ ಹಿಡಿದು ಎಷ್ಟೋ ಹೊತ್ತು ಅವನನ್ನೇ ನೋಡಿದಳು. ಅವನು ತಲೆಯಾಡಿಸಿದ. ಅಂದಿನಿಂದ ಬೆಳಗೆದ್ದು ದೇವರಿಗೆ ಕೈ ಮುಗಿಯುವಾಗ ಅವನಿಗಿದ್ದ ಪ್ರಾರ್ಥನೆ ಇದೊಂದೇ: ನಾನು ಯಾವುದಕ್ಕೆ ಹೂಂ ಅಂದೆ, ತಂದೆ?

ಪರೀಕ್ಷೆಯಾಕೆ ರಟ್ಟನ್ನು ಬದಿಗಿಟ್ಟು ಅವನ ಮುಖಕ್ಕೆ ನೇರವಾಗಿ ಕುಳಿತಳು. ಕೋಣೆ ನಿಶ್ಶಬ್ದವಾಗಿತ್ತು.

"ಮೂವತ್ತಾರು ವರ್ಷ, ತಾಯಿ. ನಾಲ್ಕು ಮಗ್ಗ ಒಬ್ಬನೇ ನೋಡ್ಕೋತಿದ್ದೆ," ಎಂದ ನೇಕಾರ.

ಮಗಳು ಬೆಚ್ಚಿದಳು. "ನೀವು ಏನೂ ಕೇಳಲೇ ಇಲ್ಲವಲ್ಲ?"

"ಎಷ್ಟು ವರ್ಷ ಮಗ್ಗದ ಕೆಲಸ ಮಾಡಿದ್ರಿ ಅಂತ ಕೇಳಿದೆ. ಧ್ವನಿ ಇಲ್ಲದೆ ಬರೀ ತುಟಿ ಆಡಿಸ್ದೆ," ಎಂದಳು ಆಕೆ.

ನೇಕಾರನಿಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಶೆಡ್ಡಿನಲ್ಲಿ ನಲವತ್ತು ವಿದ್ಯುತ್ ಮಗ್ಗ ಒಟ್ಟಿಗೆ ಬಡಿಯುವಾಗ ಗಂಟಲು ಹರಿದುಕೊಂಡರೂ ಪಕ್ಕದವನಿಗೆ ಮುಟ್ಟದು. ಅಲ್ಲಿ ಎಲ್ಲರದೂ ತುಟಿಯ ಮಾತೇ. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದವಳನ್ನು ಮದುವೆಯಾಗುತ್ತೀಯಾ ಎಂದು ಅವನು ಕೇಳಿದ್ದು ಐದು ಮಗ್ಗದಾಚೆಯಿಂದ, ಧ್ವನಿಯಿಲ್ಲದೆ. ಅವಳ ಉತ್ತರವನ್ನು ಇಡೀ ಶೆಡ್ಡು ಓದಿಕೊಂಡಿತ್ತು. ಅದನ್ನು ಹೇಳುವಾಗ ಅವನ ಮುಖ ಅರಳಿತು. ಮಗಳಿಗೆ ಬೇರೆಯದೇ ನೆನಪಾಯಿತು: ಅಮ್ಮ ಒಂದು ದಿನವೂ ಅಡುಗೆಮನೆಯಿಂದ ಅಪ್ಪನನ್ನು ಕೂಗಿದ್ದಿಲ್ಲ. ಹಿಟ್ಟಿನ ಕೈಯಲ್ಲೇ ಎದುರಿಗೆ ಬಂದು ನಿಂತು ಹೇಳುತ್ತಿದ್ದಳು.

ಆ ಸದ್ದೇ ನಿಮ್ಮ ಕಿವಿ ತಿಂದದ್ದು ಎಂದು ಪರೀಕ್ಷೆಯಾಕೆ ತಿಳಿಸಿದಳು. ಹೋದದ್ದು ಮರಳುವುದಿಲ್ಲ. ಕಿವಿಗೆ ಯಂತ್ರ ಹಾಕಿ ರೂಢಿ ಮಾಡಿಕೊಳ್ಳಬೇಕು, ಮನೆಯವರು ಕಿರುಚದೆ ಎದುರಿಗೆ ಬಂದು ನಿಧಾನವಾಗಿ ಮಾತಾಡಬೇಕು. ಹೆಂಡತಿ ದಿನವೂ ಕಿವಿಗಿಡಲು ಹತ್ತಿ ಕೊಡುತ್ತಿದ್ದಳು, ಎಳೆ ಹರಿದಾಗ ಮಗ್ಗದ ಸದ್ದು ಬದಲಾಗುವುದು ತಿಳಿಯದೆಂದು ತಾನೇ ಕಿತ್ತೆಸೆಯುತ್ತಿದ್ದೆ ಎಂದು ಅವನು ಒಪ್ಪಿಕೊಂಡ. "ಹತ್ತಿ ಸಾಲ್ತಿರಲಿಲ್ಲ, ಯಜಮಾನ್ರೇ. ಬಿರಡೆ ಬೇಕಿತ್ತು. ದೇವರು ಕಣ್ಣಿಗೆ ರೆಪ್ಪೆ ಕೊಟ್ಟ, ಕಿವಿಗೆ ಕೊಡ್ಲಿಲ್ಲ," ಎಂದಳು ಆಕೆ. "ಈಗ ನಿಮಗೆ ಸ್ವರ ಕೇಳಿಸುತ್ತೆ, ವ್ಯಂಜನ ಕೇಳಿಸಲ್ಲ. ಉಳಿದದ್ದನ್ನ ಕಣ್ಣು ತುಂಬಿಸ್ಕೊಳ್ಳುತ್ತೆ. ಎದುರಿನವರ ಬಾಯಿಗೆ ಏನಾದ್ರೂ ಅಡ್ಡ ಬಂದ್ರೆ ಕಣ್ಣಿಗೂ ಸಿಗಲ್ಲ."

ಕುಣಿಯುತ್ತಿದ್ದ ಅವನ ಮೊಣಕಾಲು ನಿಂತಿತು.

"ಅವತ್ತು ನಿಮ್ಮಮ್ಮನ ಧ್ವನಿ ಹೊರಗೆ ಬರಲಿಲ್ಲ ಅಂದ್ಕೊಂಡಿದ್ದೆ," ಎಂದ ಮಗಳಿಗೆ. "ಬಂದಿತ್ತಾ?"

ಮಗಳು ಎದ್ದು ಬಂದು, ತಾಯಿ ನಿಲ್ಲುತ್ತಿದ್ದಂತೆ ಅವನ ಎದುರಿಗೆ ನಿಂತಳು. "ಬಂದಿತ್ತಪ್ಪ. ನಾನು ಔಷಧಿ ತಗೊಂಡು ಬಾಗಿಲಿಗೆ ಬಂದೆ. ಕೊನೇದೊಂದು ಮಾತು ಮಾತ್ರ ಕೇಳಿಸ್ತು."

"ಏನಂದ್ಳು?"

"ಕೇಳಿಸ್ತಾ, ಅಂದ್ಳು. ನೀನು ತಲೆಯಾಡಿಸಿದೆ. ಆಮೇಲೆ ಅಮ್ಮ ಕಣ್ಣು ಮುಚ್ಕೊಂಡ್ಳು."

ಪರೀಕ್ಷೆಯಾಕೆ ಮೆಲ್ಲನೆ ಅವನ ಎರಡೂ ಕಿವಿಗೆ ಪುಟ್ಟ ಯಂತ್ರಗಳನ್ನು ಸಿಕ್ಕಿಸಿದಳು. ಸದ್ದನ್ನು ಅಳತೆಗೆ ತಂದು, ತನ್ನ ತುಟಿ ಅವನಿಗೆ ಕಾಣದಂತೆ ಅವನ ಬೆನ್ನ ಹಿಂದೆ ಹೋಗಿ ನಿಂತಳು.

"ಈಗ ಕೇಳಿಸ್ತಾ?"

ಕ ಬಂತು, ಸ ಬಂತು, ತ ಬಂತು. ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ಹಾಗೆ, ಒಂದಕ್ಕೊಂದು ಸಿಕ್ಕಾಗದೆ. ಹಳೆಯ ರೂಢಿಯಂತೆ, ಅಂದು ಹೆಂಡತಿಯ ಮುಂದೆ ಆಡಿದಂತೆ, ತಲೆ ತಾನಾಗಿ ಹೂಂ ಎಂದು ಆಡಹೊರಟಿತು. ನೇಕಾರ ಎರಡೂ ಕೈಯಿಂದ ಗದ್ದವನ್ನು ಬಿಗಿಯಾಗಿ ಹಿಡಿದುಕೊಂಡ.

"ಇಲ್ಲ," ಎಂದ. "ಇನ್ನೊಂದ್ಸಲ ಹೇಳು."