ಕಿವಿಯ ಕೆಲಸ ಹಲ್ಲಿಗೆ

ಕ್ಲಚ್ಚಿನ ಕಟಕಟ ನಿಜವಾಗಿ ನಿಂತಿದೆಯೋ, ತನಗೇ ಕೇಳಿಸುತ್ತಿಲ್ಲವೋ? ಸ್ಟಾರ್ಟ್ ಮಾಡಿದ ಮೋಟಾರ್‌ಸೈಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತ ಆಳಂದದ ಗ್ಯಾರೇಜ್ ಮೇಸ್ತ್ರಿ ಜಹೀರುದ್ದೀನನಿಗೆ ತಿಳಿಯಲಿಲ್ಲ. ಬರೀ ಕಿವಿಯಿಂದಲೇ ಗಾಡಿಯ ರೋಗ ಹೇಳುವವನೆಂದು ಹೆಸರಾದವನು ಅವನು. ರಂಜಾನ್ ಕಳೆದಾಗಿನಿಂದ ಮಾತು ಕೇಳಿಸುತ್ತಿತ್ತು, ಲೋಹದ ಸಣ್ಣ ಸಪ್ಪಳ ಮಾತ್ರ ಕೇಳಿಸುತ್ತಿರಲಿಲ್ಲ.

“ಹೋದ ವಾರನೂ ಸಪ್ಪಳ ಹೋತು ಅಂದಿದ್ರಿ ಉಸ್ತಾದ್,” ಎಂದ ಗಾಡಿಯ ಯಜಮಾನ, ಸರಸಂಬಾದ ದೌಲತರಾಯ. “ಊರು ಮುಟ್ಟೋತನಕ ಕಟಕಟ ಅಂತು. ಇವತ್ತ ನಾ ಬಾಯಿ ಬಿಡಂಗಿಲ್ಲ, ನೀವಽ ಹೇಳ್ರಿ. ತಪ್ಪಿದ್ರ ಗಾಡಿ ಗುಲ್ಬರ್ಗಾಕ್ಕ ಒಯ್ತೇನಿ.”

ಜಹೀರುದ್ದೀನ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಕ್ಲಚ್ ಕವರಿಗೆ ಒತ್ತಿದ. ಹಿಡಿಯನ್ನು ಎಂದಿನಂತೆ ಕಿವಿಗಿಡಲು ಹೋದವನು ಒಂದು ಕ್ಷಣ ತಡೆದು, ಹಲ್ಲಿನಲ್ಲಿ ಕಚ್ಚಿದ.

“ಭಾಬಿ ರೊಟ್ಟಿ ಹಾಕಿಲ್ಲೇನ್ರಿ? ಗಾಡೀನ ತಿನ್ನಾಕತ್ತೀರಿ!”

ಕ್ಲಚ್ ಒತ್ತಿ ಬಿಡುವಂತೆ ಜಹೀರುದ್ದೀನ ಅವನಿಗೆ ಕೈಸನ್ನೆ ಮಾಡಿದ. ದೌಲತರಾಯ ಒತ್ತಿದ, ಬಿಟ್ಟ. ಮತ್ತೆ ಒತ್ತಿದ, ಬಿಟ್ಟ. ಒಳಗೆ ಸಡಿಲವಿದ್ದರೆ ಬಿಟ್ಟಾಗಲೆಲ್ಲ ದವಡೆ ಕಟಕಟನೆ ಅದುರಬೇಕಿತ್ತು. ಅದುರಲಿಲ್ಲ. ಇಂಜಿನ್ನಿನ ಒಂದೇ ಸಮನಾದ ಗುಂಯ್ಗುಡುವಿಕೆ ಹಲ್ಲಿನಿಂದ ಹತ್ತಿ ತಲೆಯೊಳಗೆಲ್ಲ ತುಂಬಿತು. ಬೆಳಿಗ್ಗೆ ಅವನು ಕೂರಿಸಿದ ಹೊಸ ರಬ್ಬರು ಕ್ಲಚ್ಚನ್ನು ಬಿಗಿಯಾಗಿ ಹಿಡಿದಿತ್ತು.

“ಹೋತು!” ಜಹೀರುದ್ದೀನ ಎದ್ದು ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದ. “ಒಯ್ರಿ ನಿಮ್ಮ ಗಾಡಿ!”

ದೌಲತರಾಯ ನಕ್ಕು ಅವನ ಬೆನ್ನು ತಟ್ಟಿದ. “ಖರೇ ಉಸ್ತಾದ್, ಹೋತು! ಆದ್ರ ಕಿವಿ ಬಿಟ್ಟು ಹಲ್ಲು ಯಾಕ್ರಿ?”

“ಕಿವಿ ಒಮ್ಮೊಮ್ಮೆ ಸುಳ್ಳ ಹೇಳ್ತದ. ಹಲ್ಲು ಹೇಳಂಗಿಲ್ಲ.”

ಮುಂದೆ ಆಳಂದದ ಮೇಸ್ತ್ರಿಗಳೆಲ್ಲ ಸ್ಕ್ರೂಡ್ರೈವರ್ ಕಚ್ಚುವುದನ್ನು ಕಲಿತರು. ತನ್ನ ಕಿವಿ ಮಂದವಾಗಿದೆ ಎಂದು ಜಹೀರುದ್ದೀನ ಯಾರಿಗೂ ಹೇಳಲಿಲ್ಲ.